ಒಂದೇ ಶೆಡ್ಡಿನಲ್ಲಿ ಅಸೀಲ್, ಕಡಕನಾಥ, ನಾಟಿ, ಗಿರಿರಾಜ: ಮೂರು ತಿಂಗಳಿಗೆ ತೂಕದಲ್ಲಿ ಇಷ್ಟು ಅಂತರವೇಕೆ?

ಪ್ರಶ್ನೆ: ತುಮಕೂರು ಜಿಲ್ಲೆಯ ಸಾಕಣೆದಾರರು

ಎಲ್ಲರಿಗೂ ನಮಸ್ಕಾರ. ಮನೆಯ ಅಡುಗೆಗೆ ಬೇಕಾದ ಕೋಳಿಯನ್ನು ಮನೆಯಲ್ಲಿಯೇ ಬೆಳೆಸಿಕೊಳ್ಳಬೇಕು, ಮಾಂಸಕ್ಕೆ ಯಾವ ದೇಸಿ ತಳಿ ನಮ್ಮ ಹಿತ್ತಿಲಿಗೆ ಹೊಂದುತ್ತದೆ ಎಂಬುದನ್ನು ತೂಗಿ ನೋಡಿಯೇ ತಿಳಿಯಬೇಕು ಎಂಬ ಉದ್ದೇಶದಿಂದ ಅಸೀಲ್, ಕಡಕನಾಥ ಮತ್ತು ನಮ್ಮೂರಿನ ನಾಟಿ ಮರಿಗಳನ್ನು ಒಟ್ಟಿಗೆ ಸಾಕುತ್ತಿದ್ದೇನೆ. ಹೋಲಿಕೆಗೆ ಇರಲಿ ಎಂದು ಅದೇ ವಾರ ಒಡೆದ ಗಿರಿರಾಜ ಮರಿಗಳನ್ನೂ ಸೇರಿಸಿದ್ದೇನೆ. ನಾಲ್ಕೂ ಬಗೆಯವು ಒಂದೇ ಶೆಡ್ಡಿನಲ್ಲಿವೆ. ಹಗಲಲ್ಲಿ ತೆಂಗಿನ ತೋಟದಲ್ಲಿ ಕೆದಕಿ ಮೇಯುತ್ತವೆ, ಬೆಳಿಗ್ಗೆ ಮತ್ತು ಸಂಜೆ ಫೀಡ್ ಹಾಕುತ್ತೇನೆ.

ಈಗ ಅವುಗಳಿಗೆ ಮೂರು ತಿಂಗಳು. ಗಿರಿರಾಜ ಹುಂಜಗಳು ಒಂದೂವರೆ ಕಿಲೋ ದಾಟಿವೆ. ಅಸೀಲ್ ಮರಿಗಳು 700 ಗ್ರಾಂ ಆಸುಪಾಸಿನಲ್ಲಿವೆ. ಕಾಲು, ಕತ್ತು ಉದ್ದವಾಗಿವೆಯೇ ಹೊರತು ಎದೆಯಲ್ಲಿ ಮಾಂಸವೇ ಕಾಣುವುದಿಲ್ಲ. ಕಡಕನಾಥ ಇನ್ನೂ 500 ಗ್ರಾಂ ಮುಟ್ಟಿಲ್ಲ. ನಾಟಿಯಲ್ಲಂತೂ ಕೆಲವು 700 ಗ್ರಾಂ ತೂಗಿದರೆ ಕೆಲವು ಅದರ ಅರ್ಧವೂ ಇಲ್ಲ. ಇದು ತಳಿಯ ಗುಣವೇ, ಮೇವಿನ ಕೊರತೆಯೇ ಅಥವಾ ರೋಗವೇ? ಅಸೀಲ್ ಮತ್ತು ಕಡಕನಾಥವನ್ನು ಬಿಟ್ಟು ಗಿರಿರಾಜವನ್ನೇ ಮುಂದುವರಿಸೋಣ ಎಂದು ಮನೆಯಲ್ಲಿ ಹೇಳುತ್ತಿದ್ದಾರೆ. ತಿಳಿದವರು ದಾರಿ ತೋರಿಸಬೇಕು.

ಉತ್ತರ: ಹಾಸನದ ಪಶುವೈದ್ಯರು

ನೀವು ಕೊಟ್ಟ ತೂಕಗಳಲ್ಲಿ ಒಂದು ಭಾಗ ತಳಿಯ ಗುಣ, ಇನ್ನೊಂದು ಭಾಗ ನಿಜವಾದ ತೊಂದರೆ ಎಂದು ನನಗೆ ಅನ್ನಿಸುತ್ತದೆ. ಎರಡನ್ನೂ ಬೇರ್ಪಡಿಸಲು ಕೆಲವು ವಿವರ ಬೇಕು. ಮರಿಗಳಿಗೆ ಯಾವ ವಯಸ್ಸಿನಲ್ಲಿ ಯಾವ ಫೀಡ್ ಕೊಟ್ಟಿದ್ದೀರಿ? ಹುಂಜ ಮತ್ತು ಹೇಟೆಗಳನ್ನು ಬೇರೆ ಬೇರೆ ತೂಗಿದ್ದೀರಾ, ದಿನದ ಯಾವ ಹೊತ್ತಿನಲ್ಲಿ ತೂಗಿದ್ದೀರಿ? ಹಿಂದುಳಿದ ನಾಟಿ ಮರಿಗಳ ಜುಟ್ಟು ಕೆಂಪಾಗಿದೆಯೇ, ಬಿಳಿಚಿಕೊಂಡಿದೆಯೇ? ಹಿಕ್ಕೆ ಹೇಗಿದೆ, ನೀರಿನ ಪಾತ್ರೆಯ ಸುತ್ತ ನೆಲಕ್ಕೆ ಹಾಸಿದ ಹೊಟ್ಟು ಒಣಗಿದೆಯೇ? ಲಸಿಕೆಗಳ ವಿವರವನ್ನೂ ಬರೆಯಿರಿ.

ಪ್ರಶ್ನೆ ಕೇಳಿದವರು

ಧನ್ಯವಾದ ಸರ್. ಮೊದಲ ತಿಂಗಳು ಅಂಗಡಿಯಲ್ಲಿ ಸಿಗುವ ಎಳೆ ಮರಿಗಳ ಫೀಡ್, ಸ್ಟಾರ್ಟರ್ ಕೊಟ್ಟೆ. ಆಮೇಲೆ ಮನೆಯ ಮೊಟ್ಟೆ ಕೋಳಿಗಳಿಗೆ ತರುವ ಲೇಯರ್ ಮ್ಯಾಶ್ ಅನ್ನೇ ರಾಗಿ ಮತ್ತು ಅಕ್ಕಿ ನುಚ್ಚಿನೊಂದಿಗೆ ಬೆರೆಸಿ ಎಲ್ಲಕ್ಕೂ ಹಾಕುತ್ತಿದ್ದೇನೆ. ತೂಗಿದ್ದು ಸಂಜೆ ಮೇವು ಹಾಕಿದ ಮೇಲೆ. ಗಿರಿರಾಜವನ್ನು ಬಿಟ್ಟರೆ ಉಳಿದವುಗಳಲ್ಲಿ ಹುಂಜ, ಹೇಟೆ ಎಂದು ವಿಂಗಡಿಸಿಲ್ಲ. ಹಿಂದುಳಿದ ನಾಟಿ ಮರಿಗಳ ಜುಟ್ಟು ಬಿಳಿಚಿದೆ, ಹಿಕ್ಕೆ ತೆಳ್ಳಗೆ ಕಂದು ಬಣ್ಣದಲ್ಲಿದೆ. ಮಳೆ ಇರುವುದರಿಂದ ನೀರಿನ ಪಾತ್ರೆಯ ಹತ್ತಿರ ಹೊಟ್ಟು ಹಸಿಯಾಗಿಯೇ ಇರುತ್ತದೆ. ರಾಣಿಖೇತ್ ರೋಗದ ಲಸೋಟಾ ಲಸಿಕೆ ಎರಡು ಸಲ ಮತ್ತು ಗಂಬೊರೊ ರೋಗದ ಲಸಿಕೆ ಆಗಿದೆ. ನಾಟಿ ಮರಿಗಳು ನಮ್ಮ ಹೇಟೆಯ ಕಾವಿನಲ್ಲಿಯೇ ಒಡೆದು ತಾಯಿಯ ಜೊತೆ ಹಿತ್ತಿಲಿನಲ್ಲಿ ಬೆಳೆದವು. ಉಳಿದವನ್ನು ಮರಿ ಕೇಂದ್ರದಿಂದ ತಂದು ಬಲ್ಬಿನ ಕಾವಿನಲ್ಲಿ ಬೆಳೆಸಿದೆ.

ಉತ್ತರ: ಹಾಸನದ ಪಶುವೈದ್ಯರು

ಈಗ ಚಿತ್ರ ಸ್ಪಷ್ಟವಾಯಿತು. ಮೊದಲು ತಳಿಯ ಮಾತನ್ನು ಮುಗಿಸಿಬಿಡೋಣ.

ಗಿರಿರಾಜವನ್ನು ಈ ಹೋಲಿಕೆಯಿಂದ ಹೊರಗಿಡಬೇಕು. ಅದು ಹೆಬ್ಬಾಳದಲ್ಲಿ ಅಂದಿನ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹಿತ್ತಿಲ ಸಾಕಣೆಗೆಂದೇ ಮಿಶ್ರತಳಿಯಾಗಿ ರೂಪಿಸಿದ ಕೋಳಿ. ನೋಡಲು ಬಣ್ಣಬಣ್ಣವಾಗಿ ನಾಟಿಯಂತೆ ಇದ್ದರೂ ಬೇಗ ಬೆಳೆಯುವ ಗುಣವನ್ನು ಆರಿಸಿ ಆರಿಸಿ ಅದರಲ್ಲಿ ತುಂಬಲಾಗಿದೆ. ಅದರ ಪಕ್ಕದಲ್ಲಿ ನಿಲ್ಲಿಸಿದರೆ ಯಾವ ದೇಸಿ ತಳಿಯೂ ರೋಗ ಬಂದದ್ದರಂತೆಯೇ ಕಾಣುತ್ತದೆ.

ದೇಸಿ ತಳಿಗಳನ್ನು ದೇಸಿ ತಳಿಗಳ ಅಳತೆಯಲ್ಲಿಯೇ ನೋಡಬೇಕು. ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ ಪ್ರಕಟಿಸಿರುವ ಸರಾಸರಿ ತೂಕಗಳ ಪ್ರಕಾರ 20 ವಾರಗಳ ವಯಸ್ಸಿಗೆ ಅಸೀಲ್ 1,220 ಗ್ರಾಂ, ಬೋಳುಕತ್ತಿನ ಕೋಳಿ 1,005 ಗ್ರಾಂ, ಕಡಕನಾಥ 920 ಗ್ರಾಂ ತೂಗುತ್ತವೆ. ನಿಮ್ಮ ಕೋಳಿಗಳಿಗೆ ಈಗ ಸುಮಾರು 13 ವಾರ. ಆ ಲೆಕ್ಕದಲ್ಲಿ ನಿಮ್ಮ ಅಸೀಲ್ ಸರಿಯಾದ ದಾರಿಯಲ್ಲಿದೆ, ಕಡಕನಾಥ ಸ್ವಲ್ಪ ಹಿಂದಿದೆ, ಆದರೆ ಗಾಬರಿಪಡುವಷ್ಟು ಹಿಂದಿಲ್ಲ. ಕಡಕನಾಥ ಮೂಲತಃ ಮಧ್ಯಪ್ರದೇಶದ ಝಾಬುವಾ ಕಡೆಯ ಸಣ್ಣ ಮೈಕಟ್ಟಿನ ಕೋಳಿ. ಪೂರ್ಣ ಬೆಳೆದ ಹುಂಜವೇ 2 ಕಿಲೋ ಒಳಗೆ ನಿಲ್ಲುತ್ತದೆ. ಅದನ್ನು ಕರಿ ಮಾಂಸಕ್ಕಾಗಿ, ರುಚಿಗಾಗಿ ಸಾಕಬೇಕೇ ಹೊರತು ತೂಕದ ಪಂದ್ಯಕ್ಕೆ ಇಳಿಸಬಾರದು.

ತಳಿಯ ಗುಣವನ್ನೂ ತೊಂದರೆಯನ್ನೂ ಬೇರ್ಪಡಿಸಲು ನಾನು ನಂಬುವ ಪರೀಕ್ಷೆ ಒಂದೇ: ಒಂದು ತಳಿಯ ಒಳಗೆ, ಒಂದೇ ಲಿಂಗದ, ಒಂದೇ ವಾರ ಒಡೆದ ಕೋಳಿಗಳ ನಡುವೆ ಎಷ್ಟು ವ್ಯತ್ಯಾಸವಿದೆ ಎಂದು ನೋಡುವುದು. ಎಲ್ಲವೂ ಒಂದೇ ಸಮನೆ ಚಿಕ್ಕವಾಗಿದ್ದು, ಜುಟ್ಟು ಕೆಂಪಾಗಿ, ಗರಿ ಮೈಗಂಟಿ ಹೊಳೆಯುತ್ತಾ, ಚುರುಕಾಗಿ ಮೇಯುತ್ತಿದ್ದರೆ ಅದು ತಳಿಯ ವೇಗ. ಅದಕ್ಕೆ ಔಷಧಿಯಿಲ್ಲ, ಬೇಕಾಗಿಯೂ ಇಲ್ಲ. ಆದರೆ ಒಂದೇ ಹೇಟೆಯ ಮರಿಗಳಲ್ಲಿ ಒಂದು 700 ಗ್ರಾಂ, ಇನ್ನೊಂದು 300 ಗ್ರಾಂ ತೂಗುತ್ತಿದ್ದರೆ ಅದನ್ನು ತಳಿಯ ತಲೆಗೆ ಕಟ್ಟಲಾಗದು. ನಾಟಿ ಕೋಳಿಯನ್ನು ಯಾರೂ ಒಂದೇ ಅಚ್ಚಿಗೆ ಆರಿಸಿ ಬೆಳೆಸಿಲ್ಲವಾದ್ದರಿಂದ ಸ್ವಲ್ಪ ಏರುಪೇರು ಸಹಜ, ಹುಂಜ ಹೇಟೆಗಿಂತ ತೂಗುವುದೂ ಸಹಜ. ಅರ್ಧಕ್ಕರ್ಧ ಅಂತರ ಮಾತ್ರ ಸಹಜವಲ್ಲ.

ಬಿಳಿಚಿದ ಜುಟ್ಟು, ಕಂದು ತೆಳು ಹಿಕ್ಕೆ, ಹಸಿ ಹೊಟ್ಟು ಈ ಮೂರೂ ಸೇರಿದರೆ ಕಾಕ್ಸಿಡಿಯಾ ಎಂಬ ಕರುಳಿನ ಸೂಕ್ಷ್ಮ ಪರೋಪಜೀವಿ ಅಥವಾ ಜಂತುಹುಳು ಅಥವಾ ಎರಡೂ ಇರುವ ಸಂಭವ ಹೆಚ್ಚು. ಕಾಕ್ಸಿಡಿಯಾ ಹೆಚ್ಚಾಗಿ ಮೂರರಿಂದ ಆರು ವಾರದ ಮರಿಗಳನ್ನು ರಕ್ತಭೇದಿಯಾಗಿ ಕಾಡುತ್ತದೆ. ಅದರಿಂದ ಬದುಕುಳಿದ ಮರಿಗಳ ಕರುಳಿನ ಒಳಪದರ ಹಾಳಾಗಿರುವುದರಿಂದ ಅವು ತಿಂದರೂ ಮೈಗೆ ಹತ್ತುವುದಿಲ್ಲ. ನೆಲದಲ್ಲಿ ಮೇದು ಬೆಳೆದ ಮರಿಗಳಿಗೆ ದುಂಡುಹುಳು ತಗಲುವುದೂ ಸಾಮಾನ್ಯ, ನಿಮ್ಮಲ್ಲಿ ಹಾಗೆ ಬೆಳೆದವು ನಾಟಿ ಮರಿಗಳೇ. ಊಹೆಯ ಮೇಲೆ ಔಷಧಿ ಹಾಕಬೇಡಿ. ನಾಲ್ಕೈದು ಹಿಂದುಳಿದ ಕೋಳಿಗಳ ತಾಜಾ ಹಿಕ್ಕೆಯನ್ನು ಬೆಳಿಗ್ಗೆ ಸ್ವಚ್ಛ ಡಬ್ಬಿಯಲ್ಲಿ ಹಿಡಿದು, ಅದೇ ದಿನ ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಗೆ ಕೊಡಿ. ಫಲಿತಾಂಶ ನೋಡಿ ಅಲ್ಲಿನ ವೈದ್ಯರು ಪ್ರಮಾಣ ಬರೆದುಕೊಡುತ್ತಾರೆ. ಹಾಗೆಯೇ ರಾಣಿಖೇತ್ ರೋಗದ ಆರ್‌2ಬಿ ಚುಚ್ಚುಮದ್ದನ್ನು ಎಂಟನೇ ವಾರದ ಸುಮಾರಿಗೆ ಹಾಕಿಸಬೇಕಿತ್ತು. ನಿಮ್ಮ ಪಟ್ಟಿಯಲ್ಲಿ ಅದಿಲ್ಲ. ಕೋಳಿಗಳು ಚೇತರಿಸಿಕೊಂಡ ಮೇಲೆ ಹಾಕಿಸಿ, ಬಳಲಿದ ಕೋಳಿಗೆ ಲಸಿಕೆ ಬೇಡ.

ಇನ್ನು ಲೇಯರ್ ಮ್ಯಾಶ್. ಅದನ್ನು ಇಂದೇ ನಿಲ್ಲಿಸಿ ಎಂದು ಕೇಳಿಕೊಳ್ಳುತ್ತೇನೆ. ಮೊಟ್ಟೆಯ ಚಿಪ್ಪಿಗೆಂದು ಅದರಲ್ಲಿ ಶೇಕಡಾ 3.5ರ ಸುಮಾರು ಕ್ಯಾಲ್ಸಿಯಂ ಇರುತ್ತದೆ. ಬೆಳೆಯುವ ಕೋಳಿಗೆ ಬೇಕಾದದ್ದು ಶೇಕಡಾ 1ರಷ್ಟು ಮಾತ್ರ. ಮಿಕ್ಕದ್ದು ಮೂತ್ರಪಿಂಡಕ್ಕೆ ಭಾರವಾಗಿ, ದಿನಗಳೆದಂತೆ ಗೌಟ್ (ಮೈಯೊಳಗೆ ಯೂರಿಕ್ ಆಮ್ಲ ಕೂಡುವ ತೊಂದರೆ) ಆಗಿ ಕೋಳಿ ಸೊರಗುತ್ತದೆ. ನೀವು ರಾಗಿ, ನುಚ್ಚು ಬೆರೆಸಿದ್ದರಿಂದ ಕ್ಯಾಲ್ಸಿಯಂ ಸ್ವಲ್ಪ ಇಳಿದಿರಬಹುದು, ಆದರೆ ಅದರೊಂದಿಗೆ ಪ್ರೋಟೀನೂ ಇಳಿದಿದೆ. ರಾಗಿಯಲ್ಲಿ ಶೇಕಡಾ 7, ನುಚ್ಚಿನಲ್ಲಿ 8ರ ಹತ್ತಿರ ಪ್ರೋಟೀನ್ ಇರುವಾಗ, ಈ ವಯಸ್ಸಿನ ಕೋಳಿಗೆ ಶೇಕಡಾ 16 ಬೇಕು.

ಬೆಳೆಯುವ ಕೋಳಿಗೆಂದೇ ಮಾಡಿದ ಅಂಗಡಿಯ ಗ್ರೋವರ್ ಫೀಡ್ ಸಿಕ್ಕರೆ ಅದೇ ಸರಳ. ಮನೆಯಲ್ಲಿಯೇ ಬೆರೆಸುವುದಾದರೆ, ಮುಸುಕಿನ ಜೋಳದಲ್ಲಿ ಶೇಕಡಾ 9, ಎಣ್ಣೆ ತೆಗೆದ ಕಡಲೆಕಾಯಿ ಹಿಂಡಿಯಲ್ಲಿ 42ರ ಸುಮಾರು ಪ್ರೋಟೀನ್ ಎಂದು ಹಿಡಿದರೆ, ನಾಲ್ಕು ಪಾಲು ಜೋಳದ ನುಚ್ಚಿಗೆ ಒಂದು ಪಾಲು ಹಿಂಡಿ ಸೇರಿಸಿದಾಗ ಸರಿಯಾಗಿ 16ರ ಹತ್ತಿರ ಬರುತ್ತದೆ. ರಾಗಿಯಾದರೆ ಮೂರಕ್ಕೆ ಒಂದು ಪಾಲು. ಕಡಲೆಕಾಯಿ ಹಿಂಡಿಯ ಪ್ರೋಟೀನಿನಲ್ಲಿ ಲೈಸಿನ್ ಮತ್ತು ಮೀಥಿಯೋನಿನ್ ಎಂಬ ಅಮೈನೋ ಆಮ್ಲಗಳು ಕಡಿಮೆ. ಆದ್ದರಿಂದ ಅದರಲ್ಲಿ ಅರ್ಧದಷ್ಟನ್ನು ಸೋಯಾ ಹಿಂಡಿಯಾಗಿ ಬದಲಿಸಿದರೆ, ಜೊತೆಗೆ ಸ್ವಲ್ಪ ಒಣಮೀನಿನ ಪುಡಿ ಅಥವಾ ಗೆದ್ದಲು ಸಿಕ್ಕರೆ ಮಾಂಸ ಕೂಡಲು ಬೇಕಾದ್ದು ದೊರೆಯುತ್ತದೆ. ಖನಿಜ ಮಿಶ್ರಣವನ್ನು ಮರೆಯಬೇಡಿ. ಮಳೆಗಾಲದಲ್ಲಿ ಬೂಸಲು ಹಿಡಿದ ಹಿಂಡಿಯನ್ನು ಬಿಸಿಲಿಗೆ ಹಾಕಿ ಮತ್ತೆ ಬಳಸುವ ರೂಢಿ ಹಲವೆಡೆ ಇದೆ. ಬಿಸಿಲಿನಿಂದ ಬೂಸಲು ಒಣಗಬಹುದು, ಅದು ಬಿಟ್ಟುಹೋದ ಅಫ್ಲಾಟಾಕ್ಸಿನ್ ಎಂಬ ವಿಷ ಹೋಗುವುದಿಲ್ಲ. ಅಂಥ ಹಿಂಡಿಯನ್ನು ಕೋಳಿಗೂ ಬೇಡ, ಹಸುವಿಗೂ ಬೇಡ, ಹೊರಗೆ ಹಾಕಿ.

ಉತ್ತರ: ಕೋಲಾರದ ಕಡೆಯ ಸಾಕಣೆದಾರರು

ವೈದ್ಯರು ಹೇಳಿದ್ದಕ್ಕೆ ಅಸೀಲ್ ವಿಷಯದಲ್ಲಿ ಒಂದೆರಡು ಮಾತು ಸೇರಿಸುತ್ತೇನೆ. ಈ ತಳಿಯನ್ನು ಬಹಳ ಕಾಲದಿಂದ ಸಾಕಿ ಬಲ್ಲವನಾದ್ದರಿಂದ ಅದನ್ನು ಮೂರು ತಿಂಗಳಿಗೇ ಕೈಬಿಡುವ ಮಾತು ಕೇಳಿ ಬೇಸರವಾಯಿತು.

ಅಸೀಲ್ ಮೊದಲು ಮೂಳೆ ಕಟ್ಟುತ್ತದೆ, ಆಮೇಲೆ ಮಾಂಸ ಕಟ್ಟುತ್ತದೆ. ಮೂರು ತಿಂಗಳ ಮರಿಯ ಎದೆ ಮುಟ್ಟಿದರೆ ಎದೆಮೂಳೆ ಕತ್ತಿಯ ಅಂಚಿನಂತೆ ಕೈಗೆ ಸಿಗುವುದು ಸಹಜ. ಅದೇ ಮರಿಯ ತೊಡೆಯನ್ನು ಹಿಡಿದು ನೋಡಿ, ಗಟ್ಟಿಯಾಗಿ ದುಂಡಗೆ ತುಂಬಿಕೊಳ್ಳುತ್ತಿರುತ್ತದೆ. ಐದು ತಿಂಗಳು ದಾಟಿದ ಮೇಲೆ ಭುಜ ಅಗಲವಾಗಿ, ಎದೆಮೂಳೆಯ ಎರಡೂ ಬದಿ ಮಾಂಸ ಏರತೊಡಗುತ್ತದೆ. ಪೂರ್ಣ ಬೆಳೆದ ಹುಂಜ 3ರಿಂದ 4 ಕಿಲೋ ತೂಗುವ ತಳಿ ಇದು. ಇಂಗ್ಲೆಂಡಿನ ಕಾರ್ನಿಷ್ ಕೋಳಿಯನ್ನು ರೂಪಿಸಿದಾಗ ಅದರ ಅಗಲವಾದ ಎದೆಗೆ ಅಸೀಲ್ ರಕ್ತವನ್ನು ಬಳಸಿದ್ದರು, ಆ ಕಾರ್ನಿಷ್ ಇಂದಿನ ಬ್ರಾಯ್ಲರ್‌ನ ಪೂರ್ವಜರಲ್ಲಿ ಒಂದು. ಹೀಗಿರುವಾಗ ಅಸೀಲ್‌ನಲ್ಲಿ ಎದೆಯಿಲ್ಲ ಎಂದು ತೀರ್ಮಾನಿಸಲು 13 ವಾರ ಸಾಲದು. ಅಮೆರಿಕದಲ್ಲಿ ಪಾರಂಪರಿಕ ಕೋಳಿ ಎಂದು ಕರೆಸಿಕೊಳ್ಳಲು ಹಾಕಿಕೊಂಡಿರುವ ನಿಯಮಗಳಲ್ಲಿಯೂ ಮಾರಾಟದ ತೂಕಕ್ಕೆ ಬರಲು ಕನಿಷ್ಠ 16 ವಾರ ಹಿಡಿಯುವಷ್ಟು ನಿಧಾನ ಬೆಳವಣಿಗೆ ಇರಬೇಕು ಎಂಬುದು ಸೇರಿದೆ. ನಿಧಾನವೇ ಈ ಕೋಳಿಗಳ ಲಕ್ಷಣ.

ಎರಡನೆಯದು, ಎಲ್ಲವನ್ನೂ ಒಂದೇ ಶೆಡ್ಡಿನಲ್ಲಿ ಬಿಟ್ಟಿರುವುದು. ಫೀಡ್ ಹಾಕುವಾಗ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ. ಗಿರಿರಾಜ ಹುಂಜಗಳು ಪಾತ್ರೆಯ ಸುತ್ತ ಮೈಯೊಡ್ಡಿ ನಿಂತು ಹಿಂಡಿಯ ಚೂರು, ಜೋಳದ ನುಚ್ಚನ್ನು ಆರಿಸಿ ತಿನ್ನುತ್ತವೆ. ಕಡಕನಾಥ ಮತ್ತು ಸಣ್ಣ ನಾಟಿಗಳು ಆಚೆ ನಿಂತು, ಅವು ಬಿಟ್ಟ ಹುಡಿಯನ್ನು ಕೆದಕುತ್ತವೆ. ನಿಮ್ಮ ಕಡಕನಾಥ ಹಿಂದೆ ಬಿದ್ದಿರುವುದಕ್ಕೆ ಇದೇ ಕಾರಣವಿರಬಹುದು. ತಳಿವಾರು ಬಲೆ ಕಟ್ಟಿ ಬೇರೆ ಮಾಡಿ. ಫೀಡಿನ ಪಾತ್ರೆಯ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕೆ ಬರುವಂತೆ ತೂಗುಹಾಕಿದರೆ ಚೆಲ್ಲುವುದೂ ತಪ್ಪುತ್ತದೆ, ಪಾತ್ರೆಯೊಳಗೆ ಹಿಕ್ಕೆ ಬೀಳುವುದೂ ತಪ್ಪುತ್ತದೆ. ಅಸೀಲ್ ಹುಂಜಗಳು ಇನ್ನು ಸ್ವಲ್ಪ ದಿನಗಳಲ್ಲಿ ಒಂದಕ್ಕೊಂದು ಕಾಲೆತ್ತಲು ಶುರುಮಾಡುತ್ತವೆ. ಜಗಳವಾಡುವ ಹುಂಜ ಮೈ ಇಳಿಯುತ್ತದೆ, ಕಣ್ಣು ಕಳೆದುಕೊಳ್ಳುವುದೂ ಉಂಟು. ಅವುಗಳಿಗೆ ಒಂದೊಂದಕ್ಕೂ ಪ್ರತ್ಯೇಕ ಗೂಡು ಈಗಿನಿಂದಲೇ ಸಿದ್ಧಮಾಡಿಕೊಳ್ಳಿ.

ತೂಗುವ ಕ್ರಮವನ್ನೂ ಬದಲಿಸಿ. ಸಂಜೆ ಮೇವಿನ ನಂತರ ಕುತ್ತಿಗೆ ಬುಡದ ಚೀಲ ತುಂಬಿರುತ್ತದೆ, ಸಣ್ಣ ಕೋಳಿಯಲ್ಲಿ ಆ ಚೀಲದ ತೂಕವೇ ಲೆಕ್ಕ ಕೆಡಿಸುತ್ತದೆ. ಬೆಳಿಗ್ಗೆ ಫೀಡಿಗೆ ಮುಂಚೆ, ಕೋಳಿಯನ್ನು ತಲೆ ಮುಚ್ಚುವಂತೆ ಬಟ್ಟೆಯ ಚೀಲದಲ್ಲಿ ಇಳಿಸಿ ಕೊಕ್ಕೆ ತಕ್ಕಡಿಗೆ ನೇತುಹಾಕಿದರೆ ಅದು ಒದ್ದಾಡುವುದಿಲ್ಲ. ಕಾಲಿಗೆ ಬಣ್ಣದ ದಾರ ಕಟ್ಟಿ ಗುರುತು ಮಾಡಿ, ಕಾಲು ದಪ್ಪವಾದಂತೆ ದಾರವನ್ನು ಸಡಿಲಿಸುತ್ತಿರಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಪಶು ಆಸ್ಪತ್ರೆಯ ಪರೀಕ್ಷೆಯಲ್ಲಿ ನಾಟಿ ಮರಿಗಳ ಹಿಕ್ಕೆಯಲ್ಲಿ ಕಾಕ್ಸಿಡಿಯಾ ಮತ್ತು ದುಂಡುಹುಳುವಿನ ಮೊಟ್ಟೆ ಎರಡೂ ಸಿಕ್ಕಿವೆ. ಅಲ್ಲಿನ ವೈದ್ಯರು ಕಾಕ್ಸಿಡಿಯಾಕ್ಕೆ ನೀರಿನಲ್ಲಿ ಬೆರೆಸಿ ಕೊಡುವ ಆಂಪ್ರೋಲಿಯಂ ಔಷಧಿ ಮತ್ತು ಆಮೇಲೆ ಕೊಡಲು ಜಂತುಹುಳುವಿನ ಔಷಧಿ ಬರೆದುಕೊಟ್ಟಿದ್ದಾರೆ. ಹಸಿ ಹೊಟ್ಟನ್ನು ತೆಗೆದು ಹೊಸದಾಗಿ ಹಾಸಿ, ತಳಿವಾರು ಬಲೆ ಕಟ್ಟಿದ್ದೇವೆ. ಇನ್ನೆರಡು ಸಂದೇಹಗಳಿವೆ. ಯಾವ ತಳಿಯನ್ನು ಯಾವಾಗ ಕೊಯ್ಯುವುದು ಲಾಭ? ಗಿರಿರಾಜ ಹುಂಜವನ್ನು ನಮ್ಮ ನಾಟಿ ಹೇಟೆಗಳಿಗೆ ಬಿಟ್ಟರೆ ಮರಿಗಳು ಬೇಗ ಬೆಳೆಯುತ್ತವೆಯೇ?

ಉತ್ತರ: ಹಾಸನದ ಪಶುವೈದ್ಯರು

ಕೊಯ್ಯುವ ಹೊತ್ತನ್ನು ತೂಕ ನೋಡಿ ನಿರ್ಧರಿಸುವುದಕ್ಕಿಂತ ತೂಕ ಏರುವ ವೇಗ ನೋಡಿ ನಿರ್ಧರಿಸಿ. ಹದಿನೈದು ದಿನಕ್ಕೊಮ್ಮೆ ತೂಗಿ, ಇಂದಿನ ತೂಕದಿಂದ ಹಿಂದಿನ ತೂಕವನ್ನು ಕಳೆದು 15ರಿಂದ ಭಾಗಿಸಿದರೆ ದಿನದ ಏರಿಕೆ ಸಿಗುತ್ತದೆ. ಅದನ್ನು ತಳಿ ಮತ್ತು ಲಿಂಗಕ್ಕೆ ಬೇರೆ ಬೇರೆಯಾಗಿ ಬರೆದಿಡಿ. ಏರಿಕೆ ಅದರ ಉಚ್ಚ ಮಟ್ಟದ ಅರ್ಧಕ್ಕೆ ಇಳಿದಾಗ, ಕೋಳಿ ತಿನ್ನುವ ಫೀಡಿನ ಬಹುಪಾಲು ಮೈ ಉಳಿಸಿಕೊಳ್ಳಲಿಕ್ಕೇ ಹೋಗುತ್ತಿರುತ್ತದೆ. ಅಲ್ಲಿಂದ ಮುಂದೆ ಕಾಯುವುದು ರುಚಿಗಾಗಿ ಮಾತ್ರ. ಗಿರಿರಾಜದಲ್ಲಿ ಈ ಹಂತ ಬೇಗ ಬರುತ್ತದೆ, ನಾಟಿ ಮತ್ತು ಕಡಕನಾಥದಲ್ಲಿ ಐದಾರು ತಿಂಗಳ ಸುಮಾರಿಗೆ, ಅಸೀಲ್ ಹುಂಜದಲ್ಲಿ ಇನ್ನೂ ತಡವಾಗಿ. ಮುದ್ದೆಯ ಜೊತೆಗಿನ ಸಾರಿಗಾದರೆ ಆ ವಯಸ್ಸಿನ ನಾಟಿ ಹುಂಜ ಒಳ್ಳೆಯದು. ಹುರಿದು ತಿನ್ನುವುದಕ್ಕೆ ಅದು ಗಟ್ಟಿಯಾಗುತ್ತದೆ. ಔಷಧಿ ಕೊಟ್ಟ ಕೋಳಿಗಳನ್ನು ಪೊಟ್ಟಣದ ಮೇಲೆ ಹೇಳಿರುವ ಅವಧಿ ಮುಗಿಯುವವರೆಗೆ ಕೊಯ್ಯಬಾರದು.

ಗಿರಿರಾಜ ಹುಂಜವನ್ನು ನಾಟಿ ಹೇಟೆಗೆ ಬಿಟ್ಟರೆ ಮೊದಲ ಪೀಳಿಗೆಯ ಕೆಲವು ಮರಿಗಳು ತಾಯಿಗಿಂತ ಬೇಗ ಬೆಳೆಯಬಹುದು. ಆದರೆ ಗಿರಿರಾಜವೇ ಮಿಶ್ರತಳಿಯಾದ್ದರಿಂದ ಮರಿಗಳಲ್ಲಿ ಗುಣಗಳು ಚದುರಿಹೋಗುತ್ತವೆ, ಪೀಳಿಗೆ ಕಳೆದಂತೆ ವೇಗವೂ ಉಳಿಯದು. ಕಾವಿಗೆ ಕೂರುವ, ಮರಿ ಕಾಯುವ, ಹದ್ದು ಕಂಡರೆ ಪೊದೆ ಸೇರುವ ನಿಮ್ಮ ಹೇಟೆಯ ಗುಣಗಳು ಮಾತ್ರ ಕರಗಿಹೋಗುತ್ತವೆ. ಗಿರಿರಾಜ ಬೇಕಿದ್ದರೆ ಪ್ರತಿ ಸಲವೂ ಹೊಸ ಮರಿ ತಂದು, ಬೇರೆಯಾಗಿ ಸಾಕಿ, ಪ್ರಾಯಕ್ಕೆ ಬರುವ ಮುನ್ನವೇ ಕೊಯ್ದು ಮುಗಿಸಿ. ನಾಟಿಯನ್ನು ಸುಧಾರಿಸಬೇಕಿದ್ದರೆ, ಈಗ 700 ಗ್ರಾಂ ತೂಗುತ್ತಿರುವ, ರೋಗವನ್ನೂ ತಡೆದುಕೊಂಡ ಮರಿಗಳಲ್ಲಿಯೇ ಒಳ್ಳೆಯ ಹೇಟೆಗಳನ್ನು ಉಳಿಸಿಕೊಂಡು, ಹುಂಜವನ್ನು ಮಾತ್ರ ಬೇರೆ ಊರಿನ ನಾಟಿ ಹಿಂಡಿನಿಂದ ತನ್ನಿ. ತಂದ ಹುಂಜವನ್ನು ಮೂರು ವಾರ ಬೇರೆ ಗೂಡಿನಲ್ಲಿಟ್ಟು, ಲಸಿಕೆ ಹಾಕಿಸಿ, ಆಮೇಲೆ ಹೇಟೆಗಳ ಜೊತೆಗೆ ಬಿಡಿ.