ಮಗಳಿಗೆ ಎಚ್‌ಪಿವಿ ಲಸಿಕೆ ಹಾಕಿಸಿದವರು ಅನುಭವ ಹೇಳಿ

ತುಮಕೂರಿನ ತಾಯಿ: ಮಗಳಿಗೆ 12 ವರ್ಷ. ಗರ್ಭಕೊರಳಿನ ಕ್ಯಾನ್ಸರ್ ಬರದಂತೆ ಎಚ್‌ಪಿವಿ ಹಾಕಿಸಿ ಅಂದರು ಡಾಕ್ಟರ್. ಮುಂದೆ ಮಕ್ಕಳಾಗಲ್ಲ ಅಂತ ನಮ್ಮತ್ತೆ ಹಟ ಹಿಡಿದಿದ್ದಾರೆ. ಏನು ಮಾಡಲಿ?

ಹಾಸನದವಳು: 2022ರಲ್ಲಿ ಹಾಕಿಸಿದೆ. ಆಗ ದೇಶಿ ಲಸಿಕೆ ಇನ್ನೂ ಮಾರಾಟಕ್ಕೆ ಬಂದಿರಲಿಲ್ಲ. ಡೋಸಿಗೆ ಹತ್ತಿರ ಹತ್ತಿರ 4,000. ಆರು ತಿಂಗಳ ಮೇಲೆ ಎರಡನೆಯದಕ್ಕೆ ಹೋದರೆ ಸ್ಟಾಕ್ ಇಲ್ಲ, ಎರಡು ಸಲ ಸುಮ್ನೆ ವಾಪಸ್ ಬಂದೆವು. ಕೈ ಊದಿತ್ತು, ಅಷ್ಟೇ. ಗಂಡನ ಮನೆಯವರು ಮೂರು ತಿಂಗಳು ಮಾತಾಡಲಿಲ್ಲ. ನಮ್ಮಕ್ಕ ಇದೇ ಕ್ಯಾನ್ಸರಲ್ಲಿ 41ಕ್ಕೆ ಹೋದಳು. ರೇಡಿಯೇಷನ್‌ಗೆ ಬಳೆ, ಸರ, ಕೊನೆಗೆ ಎರಡು ಹಸು ಮಾರಿದೆವು. 15 ತುಂಬುವ ಮುಂಚೆ ಎರಡು ಡೋಸ್ ಸಾಕು, ಆಮೇಲೆ ಮೂರು. ತಡ ಮಾಡಬೇಡಿ.

ಹುಬ್ಬಳ್ಳಿಯಿಂದ: ನಾನಂತೂ ನಂಬಲ್ಲ. 2021ರಲ್ಲಿ ಕೋವಿಡ್ ಲಸಿಕೆ ಎರಡೂ ಹಾಕಿಸಿಕೊಂಡೆ. ಆಮೇಲೆ ಎರಡು ಸಲ ಐವಿಎಫ್, ಲ್ಯಾಬಿನಲ್ಲಿ ಭ್ರೂಣ ಮಾಡಿ ಗರ್ಭದಲ್ಲಿ ಇಡೋದು. ಮೊದಲನೆಯದಕ್ಕೆ 1,85,000, ಇಂಜೆಕ್ಷನ್‌ಗೆ ಬೇರೆ 62,000. ಹನ್ನೊಂದು ಮೊಟ್ಟೆ ಸಿಕ್ಕವು, ಮೂರು ಭ್ರೂಣ ಆದವು, ಒಂದೂ ನಿಲ್ಲಲಿಲ್ಲ. ಎರಡನೇ ಸಲ ಏಳನೇ ವಾರಕ್ಕೆ ಎದೆಬಡಿತ ನಿಂತುಹೋಯಿತು. ಆ ಸ್ಕ್ಯಾನ್ ರೂಮಿನಲ್ಲಿ ನೀವ್ಯಾರೂ ಇರಲಿಲ್ಲ.

ಮೈಸೂರಿನವನು: ಅಕ್ಕಾ, ನಮ್ಮ ಐವಿಎಫ್ ಸೋತಿದ್ದು 2018ರಲ್ಲಿ. ಆಗ ಕೋವಿಡ್ ಲಸಿಕೆ ಎಲ್ಲಿತ್ತು? ಕೋವಿಡ್ ಜ್ವರ ಬಂದಾಗ ನನ್ನ ವೀರ್ಯಾಣು ಕೌಂಟ್ ಅರ್ಧಕ್ಕೆ ಇಳಿಯಿತು, ಮೂರು ತಿಂಗಳಿಗೆ ಸರಿಹೋಯಿತು. ಲಸಿಕೆ ಆದ ಮೇಲಿನ ಟೆಸ್ಟಲ್ಲಿ ಏನೂ ವ್ಯತ್ಯಾಸ ಇರಲಿಲ್ಲ. ರಿಪೋರ್ಟ್ ಎಲ್ಲಾ ಇಟ್ಟಿದ್ದೇನೆ.

ಹುಬ್ಬಳ್ಳಿಯಿಂದ: ನನಗೆ ಪಾಠ ಹೇಳಬೇಡಿ. ಹಾಗಾದ್ರೆ ನಮ್ಮೂರ ಅಂಗನವಾಡಿ ಯಾಕೆ ಖಾಲಿ?

ಬೆಂಗಳೂರು, ಒಂದೇ ಮಗು: ಕರ್ನಾಟಕದಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ 1.7 ಮಕ್ಕಳು ಅನ್ನೋದು ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ. ಇಲ್ಲಿ ಮನೆಮನೆಗೆ ಹೋಗಿ ಕೇಳಿದ್ದು 2019ರಲ್ಲಿ. ಕೋವಿಡ್ ಲಸಿಕೆ ಶುರುವಾಗಿದ್ದು 2021ರ ಜನವರಿಯಲ್ಲಿ. 2005-06ರಲ್ಲೇ 2.1ಕ್ಕೆ ಇಳಿದಿತ್ತು. ನಾವು ಒಂದಕ್ಕೇ ನಿಲ್ಲಿಸಿದ್ದು ಯಾಕೆ ಗೊತ್ತಾ? ಎಲ್‌ಕೆಜಿ ಫೀಸು 78,000, ವ್ಯಾನ್ 18,000, ಯೂನಿಫಾರ್ಮ್ ಅವರ ಅಂಗಡಿಯಲ್ಲೇ 6,400. ಬಾಡಿಗೆ ತಿಂಗಳಿಗೆ 19,000. ಮಗು ನೋಡಿಕೊಳ್ಳೋಕೆ ನಾನು ಕೆಲಸ ಬಿಟ್ಟೆ.

ದಾವಣಗೆರೆ ಅಪ್ಪ: ಎಲ್ಲರೂ ಹೀಗೇ ಲೆಕ್ಕ ಹಾಕಿದರೆ ಮುಂದೆ ಊರಲ್ಲಿ ಯಾರಿರ್ತಾರೆ? ನಮಗೆ ಮೂರು. ಮೂವರೂ ಸರ್ಕಾರಿ ಶಾಲೆ, ಚೆನ್ನಾಗಿಯೇ ಓದುತ್ತಿದ್ದಾರೆ.

ಬೆಂಗಳೂರು, ಒಂದೇ ಮಗು: ಹೆತ್ತವರು ನಿಮ್ಮ ಹೆಂಡತಿ. ಅವರು ಬರೆಯಲಿ, ಓದುತ್ತೇನೆ.

ದಾವಣಗೆರೆ ಅಪ್ಪ: ಅವಳನ್ನು ಇದರಲ್ಲಿ ಎಳೆಯಬೇಡಿ.

ಹಾಸನದವಳು: ತುಮಕೂರಿನವರೇ, ಇದ್ದೀರಾ? ಅತ್ತೆಯವರನ್ನೂ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ನಾನು ಆಗ ಹಾಗೆ ಮಾಡಲಿಲ್ಲ.