ನೋವಿನ ನಡುವೆ 'ಸಿಸೇರಿಯನ್ ಮಾಡೋಣ' ಎಂದರೆ ಏನೇನು ಕೇಳಬೇಕು?

ಪ್ರಶ್ನೆ

ಮೊದಲ ಹೆರಿಗೆ, 37 ವಾರ, ಮಗುವಿನ ತಲೆ ಕೆಳಗಿದೆ. ಸ್ಕ್ಯಾನ್‌ನಲ್ಲಿ ಕೊರಳಿಗೆ ಹೊಕ್ಕುಳಬಳ್ಳಿ ಒಂದು ಸುತ್ತು, ತೂಕ ಅಂದಾಜು 3.3 ಕಿಲೋ ಎಂದು ಬಂದಿದೆ. ಇಷ್ಟಕ್ಕೇ ಸಿಸೇರಿಯನ್ ಬೇಕಾಗುತ್ತದೆಯೇ? ನೋವು ಶುರುವಾದ ಮೇಲೆ 'ಹೆರಿಗೆ ಮುಂದುವರಿಯುತ್ತಿಲ್ಲ' ಎನ್ನುವುದು ಯಾವ ಲೆಕ್ಕದ ಮೇಲೆ?

ಉತ್ತರ 1

ಆ ಎರಡೂ ಸಿಸೇರಿಯನ್‌ಗೆ ಕಾರಣವಲ್ಲ. ಹುಟ್ಟುವ ನಾಲ್ಕೈದು ಮಕ್ಕಳಲ್ಲಿ ಒಂದರ ಕೊರಳಿಗೆ ಬಳ್ಳಿ ಸುತ್ತಿರುತ್ತದೆ. ಬಹುಪಾಲು ಸಡಿಲ ಸುತ್ತೇ. ತಲೆ ಹೊರಬಂದೊಡನೆ ಬೆರಳಿನಿಂದ ಜಾರಿಸಿ ಬಿಡಿಸುತ್ತಾರೆ. ಹೊಟ್ಟೆಯೊಳಗಿನ ಮಗು ಕೊರಳಿನಿಂದ ಉಸಿರಾಡುವುದಿಲ್ಲ. ಬಳ್ಳಿ ಒತ್ತಿ ರಕ್ತದ ಹರಿವು ಕುಗ್ಗಿದರೆ ಎದೆಬಡಿತದಲ್ಲೇ ಗೊತ್ತಾಗುತ್ತದೆ. ಕೊನೆಯ ವಾರಗಳ ತೂಕದ ಅಂದಾಜು ಶೇ. 10–15ರಷ್ಟು ಆಚೀಚೆ ಆಗುವುದು ಮಾಮೂಲಿ, ಅಂದರೆ 3.3 ಎಂದದ್ದು 2.9 ಇರಬಹುದು, 3.7 ಕೂಡ ಇರಬಹುದು.

ನಿಜವಾದ ಗೊಂದಲ ಇರುವುದು 'ಮುಂದುವರಿಯುತ್ತಿಲ್ಲ' ಎಂಬ ಮಾತಿನಲ್ಲಿ. ಗರ್ಭಕೋಶದ ಬಾಯಿ ಮೊದಲ 3–4 ಸೆಂ.ಮೀ. ತೆರೆಯಲು ಇಡೀ ದಿನ ಹಿಡಿದರೂ ಅದಷ್ಟೇ ಶಸ್ತ್ರಕ್ರಿಯೆಗೆ ಕಾರಣವಾಗಬಾರದು. ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿ ಸಕ್ರಿಯ ಹಂತವನ್ನು (ನೋವು ಬಲಗೊಂಡು ಬಾಯಿ ಬೇಗ ತೆರೆಯುವ ಹಂತ) 5 ಸೆಂ.ಮೀ.ಯಿಂದ ಎಣಿಸುತ್ತದೆ, ಗಂಟೆಗೆ 1 ಸೆಂ.ಮೀ. ತೆರೆಯಲೇಬೇಕೆಂಬ ಹಳೆಯ ಅಳತೆಯನ್ನು ಕೈಬಿಟ್ಟಿದೆ. ಅಮೆರಿಕದ ಪ್ರಸೂತಿ ತಜ್ಞರ ಲೆಕ್ಕ ಇನ್ನೂ ಸ್ಪಷ್ಟ: 6 ಸೆಂ.ಮೀ. ದಾಟಿರಬೇಕು, ನೀರು ಒಡೆದಿರಬೇಕು, ಬಲವಾದ ನೋವಿದ್ದೂ 4 ಗಂಟೆ, ಅಥವಾ ನೋವು ಸಾಲದೆ ಅದನ್ನು ಹೆಚ್ಚಿಸುವ ಆಕ್ಸಿಟೋಸಿನ್ ಡ್ರಿಪ್ ಕೊಟ್ಟೂ 6 ಗಂಟೆ ಬಾಯಿ ಒಂದಿಷ್ಟೂ ತೆರೆಯದಿರಬೇಕು. ಆದ್ದರಿಂದ ಅಂಕಿಗಳನ್ನೇ ಕೇಳಿ. ಈಗ ಎಷ್ಟು ಸೆಂ.ಮೀ.? 4 ಗಂಟೆ ಹಿಂದೆ ಎಷ್ಟಿತ್ತು? ನೀರು ಒಡೆದಿದೆಯೇ? 10 ನಿಮಿಷಕ್ಕೆ ಎಷ್ಟು ಸಲ ನೋವು ಬರುತ್ತಿದೆ? ಪೂರ್ತಿ ತೆರೆದ ಮೇಲೂ ಮೊದಲ ಹೆರಿಗೆಯಲ್ಲಿ 3 ಗಂಟೆಯವರೆಗೆ ಮಗುವನ್ನು ಹೊರತಳ್ಳಲು ಮುಕ್ಕುವುದು ಸಹಜ.

ಉತ್ತರ 2

ಮೇಲಿನದು ಸರಿ, ಆದರೆ ಎಲ್ಲಕ್ಕಿಂತ ಮೊದಲು ಕೇಳಬೇಕಾದ್ದು 'ನಮಗೆಷ್ಟು ಸಮಯವಿದೆ?' ಎಂದು. ಮಗುವಿಗಿಂತ ಮೊದಲು ಬಳ್ಳಿ ಜಾರಿ ಬಂದರೆ, ಮಾಸು ಕಿತ್ತುಕೊಂಡು ರಕ್ತ ಸುರಿಯುತ್ತಿದ್ದರೆ 30 ನಿಮಿಷದೊಳಗೆ ಮಗು ಹೊರಬರಬೇಕು. ಅಲ್ಲಿ ಚರ್ಚೆಗೆ ನಿಲ್ಲಬೇಡಿ, ದಯವಿಟ್ಟು.

ಎದೆಬಡಿತದ ಪಟ್ಟಿ (ಮಗುವಿನ ಬಡಿತವನ್ನು ಯಂತ್ರ ಗೆರೆಯಾಗಿ ಬರೆಯುವ ಕಾಗದ) ಕೆಟ್ಟಿದೆ ಎಂದಾಗ ಮಾತ್ರ ಪರಿಸ್ಥಿತಿ ಅಷ್ಟು ನೇರವಲ್ಲ. ನಿಮಿಷಕ್ಕೆ 110–160 ಸಾಮಾನ್ಯ, ಜೊತೆಗೆ ಗೆರೆ ಏರಿಳಿಯುತ್ತಿರಬೇಕು. ಗೆರೆ ಚಪ್ಪಟೆಯಾಗಿ, ಪ್ರತಿ ನೋವಿನ ನಂತರವೂ ಬಡಿತ ಕುಸಿದರೆ ಅದು ಗಂಭೀರ. ಆದರೆ ಈ ಯಂತ್ರ ಸುಳ್ಳು ಎಚ್ಚರಿಕೆಯನ್ನೂ ಧಾರಾಳವಾಗಿ ಕೊಡುತ್ತದೆ. ಪಟ್ಟಿ ಅನುಮಾನಾಸ್ಪದವಷ್ಟೇ ಇದ್ದರೆ ಎಡಮಗ್ಗುಲಿಗೆ ಮಲಗಿಸುವುದು, ಡ್ರಿಪ್ ತಗ್ಗಿಸುವುದು ಅಥವಾ ನಿಲ್ಲಿಸುವುದು, ರಕ್ತದೊತ್ತಡ ಇಳಿದಿದ್ದರೆ ಸರಿಪಡಿಸುವುದು, ಇವಿಷ್ಟು ಮೊದಲು ಆಗಬೇಕು. ಡ್ರಿಪ್‌ನಿಂದ ನೋವು 10 ನಿಮಿಷಕ್ಕೆ 5 ಸಲಕ್ಕಿಂತ ಹೆಚ್ಚಾದಾಗ ಮಗುವಿಗೆ ಸುಧಾರಿಸಿಕೊಳ್ಳಲು ಬಿಡುವೇ ಸಿಗುವುದಿಲ್ಲ. ಎಷ್ಟೋ ಸಲ ಬಡಿತ ಕುಸಿಯಲು ಅದೇ ಕಾರಣ. ಒಳಪರೀಕ್ಷೆಯಲ್ಲಿ ಮಗುವಿನ ನೆತ್ತಿ ಸವರಿದಾಗ ಬಡಿತ ಏರಿದರೆ ಒಳ್ಳೆಯ ಸೂಚನೆ.

ಮರುಪ್ರಶ್ನೆ

ಎಪಿಡ್ಯೂರಲ್ (ಬೆನ್ನಿಗೆ ಹಾಕುವ ನಳಿಕೆಯಿಂದ ನೋವು ತಗ್ಗಿಸುವ ಔಷಧಿ) ಹಾಕಿಸಿಕೊಂಡರೆ ಸಿಸೇರಿಯನ್ ಸಾಧ್ಯತೆ ಹೆಚ್ಚುತ್ತದೆಯೇ?

ಉತ್ತರ 3

ಇಲ್ಲ. ಮುಕ್ಕುವ ಹಂತ ಸ್ವಲ್ಪ ಉದ್ದವಾಗುತ್ತದೆ, ಅಷ್ಟೇ. ಮುಂದೆ ಸಿಸೇರಿಯನ್ನೇ ಆದರೂ ಅದೇ ನಳಿಕೆಯಲ್ಲಿ ಔಷಧಿ ಹೆಚ್ಚಿಸಿ ಸಾಮಾನ್ಯವಾಗಿ ಶಸ್ತ್ರಕ್ರಿಯೆ ಮಾಡಬಹುದು, ಪೂರ್ತಿ ಪ್ರಜ್ಞೆ ತಪ್ಪಿಸುವ ಅಗತ್ಯ ಬರುವುದು ವಿರಳ. ಕೊಯ್ಯುವ ಮುಂಚೆ ತಣ್ಣನೆಯ ವಸ್ತು ಮುಟ್ಟಿಸಿ ಎದೆಯ ಮಟ್ಟದವರೆಗೆ ಮರಗಟ್ಟಿದೆಯೇ ಎಂದು ನೋಡುತ್ತಾರೆ. ಆಮೇಲೂ ಎಳೆತ, ಒತ್ತಡ ಗೊತ್ತಾಗುತ್ತದೆ, ಮೈ ನಡುಗಬಹುದು. ಆದರೆ ನೋವು ಗೊತ್ತಾಗಬಾರದು. ಗೊತ್ತಾದರೆ ಹಲ್ಲುಕಚ್ಚಿ ಸಹಿಸಬೇಡಿ, ಆ ಕ್ಷಣವೇ ಹೇಳಿ.

ಇನ್ನೊಂದು ಸಂಗತಿ ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ಬಿಡುಗಡೆ ಪತ್ರದಲ್ಲಿ ಗರ್ಭಕೋಶದ ಮೇಲಿನ ಗಾಯ ಯಾವ ಬಗೆಯದು ಎಂದು ಬರೆಸಿಕೊಳ್ಳಿ. ಚರ್ಮದ ಗಾಯ ನೋಡಿ ಅದು ತಿಳಿಯುವುದಿಲ್ಲ. ಕೆಳಭಾಗದ ಅಡ್ಡ ಗಾಯ ಒಂದೇ ಇದ್ದರೆ ಮುಂದಿನ ಸಲ ಸಹಜ ಹೆರಿಗೆಗೆ ಪ್ರಯತ್ನಿಸುವವರಲ್ಲಿ ಶೇ. 60–80 ಮಂದಿಗೆ ಅದು ಕೈಗೂಡುತ್ತದೆ, ಗಾಯ ಬಿರಿಯುವ ಅಪಾಯ ಶೇ. 1ಕ್ಕಿಂತ ಕಡಿಮೆ. ಮೇಲ್ಭಾಗದ ಉದ್ದ ಗಾಯವಿದ್ದರೆ ಅಪಾಯ ಹಲವು ಪಟ್ಟು ಹೆಚ್ಚು, ಆಗ ಮುಂದಿನದೂ ಸಿಸೇರಿಯನ್ನೇ.