ಕೊಲೆಗಾರ ಯಾರೆಂದು ಅರ್ಧಕ್ಕೇ ಗೊತ್ತಾಗಿಬಿಟ್ಟರೆ?

ಪ್ರಶ್ನೆ: ನನ್ನ ಪತ್ತೇದಾರಿ ಕಾದಂಬರಿಯ ಕರಡು ಓದಿದವರೆಲ್ಲ ಅರ್ಧದಲ್ಲೇ ಕೊಲೆಗಾರನನ್ನು ಹಿಡಿಯುತ್ತಿದ್ದಾರೆ. ಸುಳಿವು ಕಡಿಮೆ ಮಾಡಲೇ?

ಉತ್ತರ 1: ಬೇಡ. ಸುಳಿವು ತೆಗೆದರೆ ಕೊನೆಯಲ್ಲಿ ಓದುಗರಿಗೆ ಮೋಸ ಹೋದ ಹಾಗಾಗುತ್ತದೆ. ಜಾಗ ಬದಲಿಸಿ. ಪ್ಯಾರಾದ ಕೊನೆಯ ಸಾಲಿನಲ್ಲಿಟ್ಟ ಸುಳಿವು ಕಣ್ಣಿಗೆ ರಾಚುತ್ತದೆ. ಮೇಜಿನ ಮೇಲಿನ ನಾಲ್ಕೈದು ವಸ್ತುಗಳ ನಡುವೆ ಅದನ್ನೂ ಸೇರಿಸಿ, ಮುಂದಿನ ಸಾಲಿನಲ್ಲೇ ಒಂದು ಜಗಳ ಶುರು ಮಾಡಿ. ಓದುಗರು ನೋಡಿರುತ್ತಾರೆ, ಗಮನಿಸಿರುವುದಿಲ್ಲ.

ಉತ್ತರ 2: ಹಾಗಂತ ಕೊಲೆಗಾರನನ್ನು ತಡವಾಗಿ ತರಬೇಡಿ. ಇಂಗ್ಲಿಷ್ ಪತ್ತೇದಾರಿ ಲೇಖಕ ರೊನಾಲ್ಡ್ ನಾಕ್ಸ್ 1929ರಲ್ಲಿ ಇಂಥ ಕಥೆಗಳಿಗೆ ಕೊಟ್ಟ ಹತ್ತು ನಿಯಮಗಳಲ್ಲಿ ಮೊದಲನೆಯದೇ ಇದು: ಅಪರಾಧಿಯ ಪ್ರಸ್ತಾಪ ಕಥೆಯ ಆರಂಭದಲ್ಲೇ ಬಂದಿರಬೇಕು. (ಆ ಪಟ್ಟಿಯ ಕೆಲವು ನಿಯಮಗಳು ಇವತ್ತು ನಗು ತರಿಸುತ್ತವೆ, ಅದು ಬೇರೆ ಮಾತು.) ಕೊಲೆಗಾರನಿಗೆ ಕಥೆಯಲ್ಲಿ ಬೇರೊಂದು ಕೆಲಸ ಕೊಡಿ: ವೈದ್ಯ, ಸಾಲ ಕೊಟ್ಟವ, ಏನಾದರೂ. ಕಾರಣವಿಲ್ಲದೆ ಓಡಾಡುವ ಪಾತ್ರದ ಮೇಲೇ ಮೊದಲ ಅನುಮಾನ.

ಪ್ರಶ್ನೆ ಕೇಳಿದವರು: ಅವನಿಗೊಂದು ಪ್ರೇಮಕಥೆ ಇಟ್ಟರೆ?

ಉತ್ತರ 1: ಇಡಿ. ಆದರೆ ಅದನ್ನು ಕಿತ್ತರೆ ಕೊಲೆಯ ಕಾರಣವೋ ಸಮಯದ ಲೆಕ್ಕವೋ ಕುಸಿಯುವಂತಿರಲಿ. ಇಲ್ಲದಿದ್ದರೆ ಮರೆಮಾಚಲು ಅಂಟಿಸಿದ್ದು ಅಂತ ಎರಡೇ ಪುಟಕ್ಕೆ ತಿಳಿದುಹೋಗುತ್ತದೆ.